ಮೇಣಬಸದಿಯಲ್ಲಿ ಇಂಗ್ಲಿಷ್ ವಾಕ್ಯ



ನಮ್ಮ ಕಡೆ ಹೈಸ್ಕೂಲು ಓದಿದವರನ್ನು ನಡುರಾತ್ರಿ ಎಬ್ಬಿಸಿ 'ಒಂದು ಇಂಗ್ಲಿಷ್ ವಾಕ್ಯ ಹೇಳಪಾ' ಅಂದರೆ ಬಹಳಷ್ಟು ಮಂದಿ ಇದೊಂದನ್ನು ತಪ್ಪಿಲ್ಲದೆ ಹೇಳಿಯಾರು: 'ನೋ ಸೂನರ್ ಡಿಡ್ ಐ ರೀಚ್ ದಿ ಸ್ಟೇಷನ್ ದ್ಯಾನ್ ದಿ ಟ್ರೇನ್ ಲೆಫ್ಟ್.' ನಾನು ಸ್ಟೇಷನ್ ಮುಟ್ಟಿದ್ದೇ ತಡ, ಗಾಡಿ ಹೋಯಿತು. ಪರೀಕ್ಷೆಯಲ್ಲಿ ಈ ವಾಕ್ಯಕ್ಕೆ ಸಿಕ್ಕಷ್ಟು ಮರ್ಯಾದೆ ಬೇರೆ ಯಾವುದಕ್ಕೂ ಸಿಕ್ಕಿಲ್ಲ. 'ಆ್ಯಸ್ ಸೂನ್ ಆ್ಯಸ್' ಇದ್ದದ್ದನ್ನು 'ನೋ ಸೂನರ್' ಮಾಡು, 'ಟೂ – ಟು' ಇದ್ದದ್ದನ್ನು 'ಸೋ – ದ್ಯಾಟ್' ಮಾಡು, ಅಂಕ ತಗೋ. ಗದಗ–ಹೊಟಗಿ ಮಾರ್ಗದ ಬಾಗಲಕೋಟೆ ಸ್ಟೇಷನ್ನಿನಲ್ಲಿ ಗಾಡಿ ತಪ್ಪಿಸಿಕೊಂಡವರು ಎಷ್ಟೋ ಮಂದಿ ಇದ್ದಾರೆ. ಏದುಸಿರು ಬಿಡುತ್ತ ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗ 'ನೋ ಸೂನರ್' ಎಂದು ಶುರುಮಾಡಿದವರು ಒಬ್ಬರೂ ಇರಲಾರರು. ಇಂಗ್ಲೆಂಡಿನವರೂ ಹಾಗನ್ನುವುದಿಲ್ಲ. 'ಐ ಮಿಸ್ಡ್ ಮೈ ಟ್ರೇನ್' ಅನ್ನುತ್ತಾರೆ, ಮುಗೀತು. ಯಾರು, ಏನು ಮಾಡಿದರು, ಯಾವುದನ್ನು – ಇಂಗ್ಲಿಷಿನ ಎಲ್ಲಕ್ಕಿಂತ ಸಾದಾ ಮಾದರಿ ಅದು.

'ನೋ ಸೂನರ್' ತಪ್ಪು ವಾಕ್ಯವೇನಲ್ಲ. ಕಥೆ, ಕಾದಂಬರಿಗಳಲ್ಲಿ ಅದಕ್ಕೆ ಜಾಗ ಇದೆ. ನನ್ನ ತಕರಾರು ಬೇರೆ. ವಾಕ್ಯದ ಮಾದರಿಯನ್ನು ನಾವು ಕಲಿಸುತ್ತೇವೆ. ಅದು ಯಾವ ಹೊತ್ತಿನಲ್ಲಿ, ಯಾರ ಎದುರಿಗೆ, ಯಾತಕ್ಕೆ ಬೇಕಾಗುತ್ತದೆ ಎಂಬುದನ್ನು ಬಿಟ್ಟುಬಿಡುತ್ತೇವೆ. ಬಿಟ್ಟದ್ದನ್ನು ಮತ್ತೆ ಕಾಣಬೇಕಾದರೆ ದೂರ ಹೋಗುವುದು ಬೇಡ. ಬಾದಾಮಿಗೆ ಹೋದರೆ ಸಾಕು.

ಅಲ್ಲಿನ ಗುಹಾಲಯಗಳಿಗೆ ಮೇಣಬಸದಿ ಎಂದು ಹೆಸರು. ಮೊದಲನೆಯ ಗುಹೆಯ ಮುಂದೆ ನಿಂತ ಗೈಡ್ ಹೇಳುವುದನ್ನು ಕೇಳಿ. 'ದಿಸ್ ಈಸ್ ಡ್ಯಾನ್ಸಿಂಗ್ ಶಿವ. ಹಿ ಹ್ಯಾಸ್ ಎಯ್ಟೀನ್ ಆರ್ಮ್ಸ್. ಇಫ್ ಯು ಕವರ್ ದೀಸ್ ಹ್ಯಾಂಡ್ಸ್, ಯು ಗೆಟ್ ಅನದರ್ ಪೋಸ್.' ಹದಿನೆಂಟು ತೋಳುಗಳ ನಟರಾಜ. ಒಂದೊಂದು ಕಡೆಗೆ ಒಂಬತ್ತು. ಎಡದ್ದೊಂದು ಬಲದ್ದೊಂದು ಕೂಡಿಸುತ್ತ ಹೋದರೆ 81 ಭಂಗಿಗಳಾಗುತ್ತವೆ ಎಂಬ ಲೆಕ್ಕವನ್ನು ಅಲ್ಲಿನ ಗೈಡುಗಳು ತಪ್ಪದೆ ಹೇಳುತ್ತಾರೆ. ಮೂರು ಸಣ್ಣ ವಾಕ್ಯ, ಮೂರು ಬೇರೆ ಮಾದರಿ. ಒಂದು, ಇದು ಇಂಥದ್ದು ಎಂದು ಗುರುತು ಹೇಳುವುದು. ಇನ್ನೊಂದು, ಅದಕ್ಕೆ ಏನೇನಿದೆ ಎಂದು ಹೇಳುವುದು. ಮೂರನೆಯದು, ನೀವು ಹೀಗೆ ಮಾಡಿದರೆ ಹೀಗಾಗುತ್ತದೆ ಎಂದು ಕೇಳುವವರ ಕೈಗೇ ಕೆಲಸ ಹಚ್ಚುವುದು. ಕನ್ನಡ ಶಾಲೆಯಲ್ಲಿ ಕಲಿತು ಬಂದವರೂ ಇವನ್ನು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಾರೆ.

ಈಗ ಶಾಲೆಗೆ ಬನ್ನಿ. ಮಾಸ್ತರರು ಪೆನ್ನು ಎತ್ತಿ ಹಿಡಿದು 'ದಿಸ್ ಈಸ್ ಅ ಪೆನ್' ಅನ್ನುತ್ತಾರೆ. ಐವತ್ತು ಮಕ್ಕಳು ಒಂದೇ ದನಿಯಲ್ಲಿ ಅದನ್ನೇ ಅನ್ನುತ್ತಾರೆ. ಮಾದರಿ ಗೈಡಿನದ್ದೇ. ಆದರೆ ಅದು ಪೆನ್ನು ಅನ್ನುವುದು ಅಲ್ಲಿದ್ದ ಪ್ರತಿ ಹುಡುಗನಿಗೂ ಕಾಣುತ್ತಿದೆ. ಹೇಳುವ ಅವಶ್ಯಕತೆ ಯಾರಿಗೂ ಇಲ್ಲ, ಕೇಳುವ ಆಸೆಯೂ ಇಲ್ಲ. ಮೇಣಬಸದಿಯಲ್ಲಿ ಹಾಗಲ್ಲ. ಹಂದಿಯ ಮೋರೆಯ ದೇವರೊಬ್ಬ ಹೆಣ್ಣೊಬ್ಬಳನ್ನು ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಾನೆ. ದೂರದೇಶದಿಂದ ಬಂದವರಿಗೆ ಅದು ಯಾರೆಂದು ಗೊತ್ತಿಲ್ಲ. 'ದಿಸ್ ಈಸ್ ವರಾಹ' ಎಂಬ ಮೂರು ಮಾತಿಗೆ ಅಲ್ಲಿ ಬೆಲೆ ಇದೆ. ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಕಡೆ ವಾಕ್ಯಕ್ಕೆ ಜೀವ ಬರುತ್ತದೆ. ಎಲ್ಲರಿಗೂ ಗೊತ್ತಿದ್ದ ಕಡೆ ಅದು ಬಾಯಿಪಾಠ.

'ಈಸ್' ಎಂಬ ಈ ಸಣ್ಣ ಮಾತು ನಮ್ಮ ಮಕ್ಕಳನ್ನು ಕಾಡುವುದಕ್ಕೆ ಹಳೆಯ ಕಾರಣವೊಂದಿದೆ. ಕನ್ನಡಕ್ಕೆ ಅಲ್ಲಿ ಕ್ರಿಯಾಪದವೇ ಬೇಡ. ಇದು ನಮ್ಮ ಊರು, ಅವಳು ನಮ್ಮ ತಂಗಿ – ವಾಕ್ಯ ಮುಗಿದೇ ಹೋಯಿತು. ಬಾದಾಮಿಯ ಕೆರೆ ಅಗಸ್ತ್ಯತೀರ್ಥದ ಆಚೆಗೆ ತಟ್ಟುಕೋಟಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 7ನೇ ಶತಮಾನದ್ದು, ನಮಗೆ ಸಿಕ್ಕಿರುವ ತ್ರಿಪದಿಗಳಲ್ಲೇ ತೀರಾ ಹಳೆಯವು ಅದರಲ್ಲಿವೆ. ಅವನು ಎಂಥವರಿಗೆ ಎಂಥವನು ಎಂದು ಹೇಳುವ ಸಾಲುಗಳಲ್ಲಿ ಒಂದು 'ಗೆ' ಪ್ರತ್ಯಯ, ಎರಡು ನಾಮಪದ, ಅಷ್ಟೇ. ಕ್ರಿಯಾಪದದ ಸುಳಿವಿಲ್ಲ. ಹದಿಮೂರು ಶತಮಾನಗಳ ರೂಢಿ ಇದು. ಹೀಗಿರುವಾಗ ಐದನೆಯ ತರಗತಿಯ ಹುಡುಗಿ 'ದಿಸ್ ಮೈ ಸಿಸ್ಟರ್' ಅಂದರೆ ಅವಳು ದಡ್ಡಿಯಲ್ಲ, ಬಾದಾಮಿಯವಳು. ಅವಳನ್ನು ಹೆದರಿಸಿ 'ಈಸ್' ಹಾಕಿಸಿದರೆ ಮುಂದಿನ ವರ್ಷ 'ಹಿ ಈಸ್ ಕಮ್', 'ಐ ಆ್ಯಮ್ ಗೋ' ಎಂದು ಬೇಡದ ಕಡೆಗೂ ಹಾಕತೊಡಗುತ್ತಾಳೆ. ಹೆದರಿಕೆಯಿಂದ ಕಲಿತದ್ದು ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ.

ಮತ್ತೆ ಗುಹೆಗೇ ಬರೋಣ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ವಿಷ್ಣುವಿನದು. ಅಲ್ಲಿ ಶಕ 500ರ, ಅಂದರೆ ಕ್ರಿ.ಶ. 578ರ ಶಾಸನವಿದೆ. ಚಾಲುಕ್ಯ ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಇದನ್ನು ಮಾಡಿಸಿದ. ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ? ನಮ್ಮ ಮಾತಿನಲ್ಲಿ ಸುಲಭ: 'ಈ ಗುಹಾ ಮಂಗಳೇಶ ಕೆತ್ತಿಸ್ಯಾನ್ರಿ.' ಕಣ್ಣೆದುರಿಗಿರುವುದು ಗುಹೆ, ಆದ್ದರಿಂದ ಗುಹೆ ಮೊದಲು ಬಂತು. ಮಾಡಿಸಿದವನು ಆಮೇಲೆ ಬಂದ. ಕನ್ನಡದಲ್ಲಿ ಪದಗಳನ್ನು ಹಿಂದೆ ಮುಂದೆ ಸರಿಸಿದರೂ ಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ. ಇಂಗ್ಲಿಷಿನಲ್ಲಿ ಅರ್ಥವನ್ನು ಕಾಯುವುದು ಪದ ಕೂತ ಜಾಗ. ಗುಹೆಯನ್ನು ಹಾಗೆಯೇ ಮುಂದಕ್ಕೆ ತಂದರೆ ಗುಹೆಯೇ ಮಂಗಳೇಶನನ್ನು ಕೆತ್ತಿದಂತಾದೀತು! ಹಾಗಾಗಿ ಇಂಗ್ಲಿಷಿನವರು ಬೇರೊಂದು ಮಾದರಿ ಇಟ್ಟುಕೊಂಡಿದ್ದಾರೆ: 'ದಿಸ್ ಕೇವ್ ವಾಸ್ ಕಾರ್ವ್ಡ್ ಇನ್ ಫೈವ್ ಸೆವೆಂಟಿ ಎಯ್ಟ್.' ನಾವು ಕರ್ಮಣಿ ಪ್ರಯೋಗ ಎಂದು ಹೆಸರಿಟ್ಟು, 'ರಾಮ ಕಿಲ್ಡ್ ರಾವಣ, ರಾವಣ ವಾಸ್ ಕಿಲ್ಡ್ ಬೈ ರಾಮ' ಎಂದು ತಿರುಗಿಸಿ ತಿರುಗಿಸಿ ಕಲಿಸಿದ್ದು ಇದನ್ನೇ. ಯಾಕೆ ತಿರುಗಿಸಬೇಕು ಎಂದು ಮಾತ್ರ ಹೇಳಲಿಲ್ಲ. ಎದುರಿಗಿರುವ ವಸ್ತುವಿನಿಂದಲೇ ಮಾತು ಶುರುಮಾಡಬೇಕಾದಾಗ ತಿರುಗಿಸಬೇಕು. ಗೈಡಿಗೆ ದಿನವೂ ಅದೇ ಕೆಲಸ. ಅದಕ್ಕೇ ಅವರ ಬಾಯಲ್ಲಿ ಅದು ತಪ್ಪುವುದಿಲ್ಲ.

ಇದೇ ಮಾದರಿಯನ್ನು ಕನ್ನಡಕ್ಕೆ ತಂದು 'ಮಂಗಳೇಶನಿಂದ ಕೆತ್ತಲ್ಪಟ್ಟಿತು' ಎಂದು ಬರೆಯುವವರಿದ್ದಾರೆ. ಬೇಡ್ರಿ. ಕನ್ನಡಕ್ಕೆ ಅದರ ಗರಜು ಇಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. ಮಂಗಳೇಶ 'ಕೆತ್ತಿದ' ಅಲ್ಲ, 'ಕೆತ್ತಿಸಿದ'. ಆ ಒಂದು 'ಇಸು' ಪ್ರತ್ಯಯ ಬಂದೊಡನೆ ಉಳಿ ಅರಸುಮಗನ ಕೈಬಿಟ್ಟು ಕಲ್ಲುಕುಟಿಗರ ಕೈಗೆ ಹೋಗುತ್ತದೆ. 'ಮಂಗಳೇಶ ಕಾರ್ವ್ಡ್ ದಿಸ್ ಕೇವ್' ಅಂದರೆ ಅವನೇ ಬೆವರು ಸುರಿಸಿ ಕೆತ್ತಿದ ಹಾಗೆ. ಇಂಗ್ಲಿಷಿನಲ್ಲಿ 'ಇಸು' ಇಲ್ಲ. ಅದರ ಕೆಲಸಕ್ಕೆ 'ಹ್ಯಾಡ್' ಬರುತ್ತದೆ, ವಸ್ತು ನಡುವೆ ಕೂರುತ್ತದೆ: 'ಮಂಗಳೇಶ ಹ್ಯಾಡ್ ದಿಸ್ ಕೇವ್ ಕಾರ್ವ್ಡ್.' ಈ ಮಾದರಿ ಅರಸರಿಗೆ ಮಾತ್ರ ಮೀಸಲಲ್ಲ. ಕಟಿಂಗ್ ಮಾಡಿಸಿಕೊಂಡೆ, ಗಾಡಿ ರಿಪೇರಿ ಮಾಡಿಸಿದೆ, ಬ್ಲೌಸ್ ಹೊಲಿಸಿದೆ – ನಾವು ದಿನಕ್ಕೆ ಹತ್ತು ಸಲ ಏನೇನೋ 'ಮಾಡಿಸು'ತ್ತೇವೆ. 'ಐ ಹ್ಯಾಡ್ ಮೈ ಹೇರ್ ಕಟ್', 'ಐ ಹ್ಯಾಡ್ ಮೈ ಬೈಕ್ ರಿಪೇರ್ಡ್.' ಇಷ್ಟು ಉಪಯೋಗದ ಮಾದರಿಯನ್ನು ಬಿಟ್ಟು 'ನೋ ಸೂನರ್' ಉರುಹೊಡೆಸಿದ್ದು ಯಾವ ಲೆಕ್ಕಾಚಾರವೋ ನನಗಂತೂ ತಿಳಿದಿಲ್ಲ.

ಗೈಡುಗಳ ಈ ಇಂಗ್ಲಿಷಿಗೂ ಒಂದು ವಂಶಾವಳಿ ಇದೆ. ಬಾದಾಮಿ ಆಗ ಕಲಾದಗಿ ಜಿಲ್ಲೆಯಲ್ಲಿತ್ತು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಸುತ್ತಿ ಪುರಾತತ್ವ ವರದಿ ಬರೆದ. ಮುಂಬಯಿ ಇಲಾಖೆಯ ಅಧಿಕಾರಿ ಜಾನ್ ಫೇಥ್‌ಫುಲ್ ಫ್ಲೀಟ್ ಇಲ್ಲಿನ ಶಾಸನಗಳನ್ನು ಓದಿ, 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಹೊರತಂದ. ಇಂಥ ಬರಹಗಳಲ್ಲಿ 'ಈಸ್ ಸೆಡ್ ಟು ಬಿ', 'ಅಪಿಯರ್ಸ್ ಟು ಹ್ಯಾವ್ ಬೀನ್' ಎಂಬಂಥ ಎಚ್ಚರಿಕೆಯ ವಾಕ್ಯಗಳು ಹೇರಳ. ಖಚಿತವಾಗಿ ಗೊತ್ತಿಲ್ಲದ್ದನ್ನು ಸುಳ್ಳಾಗದಂತೆ ಹೇಳುವ ಮಾದರಿಗಳು ಅವು. ನಮ್ಮ ಮಾತಿನಲ್ಲಿ ಅದು 'ಅಂತ' ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ: 'ಇಲ್ಲೆ ಅಗಸ್ತ್ಯರು ವಾತಾಪಿನ್ನ ಅರಗಿಸಿಕೊಂಡ್ರಂತ್ರಿ.' ಹೇಳಿದವನ ಮೇಲೆ ಹೊಣೆಯಿಲ್ಲ. ಒಳ್ಳೆಯ ಗೈಡ್ ಇತಿಹಾಸಕ್ಕೆ 'ವಾಸ್ ಕಾರ್ವ್ಡ್', ಕಥೆಗೆ 'ಈಸ್ ಸೆಡ್ ಟು' ಎಂದು ಬೇರೆ ಬೇರೆ ಹಿಡಿಯುತ್ತಾನೆ. ಅಷ್ಟು ವಿವೇಕ ಕೆಲವು ಇತಿಹಾಸದ ಪುಸ್ತಕಗಳಲ್ಲೂ ಕಾಣುವುದಿಲ್ಲ.

ಹಾಗಾದರೆ ಮಾದರಿಗಳನ್ನು ಕೋಷ್ಟಕ ಹಾಕಿ ಕಲಿಸುವ ರೂಢಿ ಬಂದದ್ದು ಎಲ್ಲಿಂದ? ಹೆರಾಲ್ಡ್ ಪಾಮರ್ ಮತ್ತು ಎ.ಎಸ್. ಹಾರ್ನ್‌ಬಿ ಎಂಬ ಇಬ್ಬರು ಇಂಗ್ಲಿಷರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ ಇದಕ್ಕೆ ತಳಹದಿ ಹಾಕಿದರು. ಜಪಾನೀ ಭಾಷೆಯಲ್ಲೂ ನಮ್ಮ ಹಾಗೆ ಕ್ರಿಯಾಪದ ಕಟ್ಟಕಡೆಗೇ ಬರುವುದು. ಅವರ ವಿದ್ಯಾರ್ಥಿಗಳ ಕಷ್ಟ ನಮ್ಮ ಕಷ್ಟವೇ. ಯಾವ ಇಂಗ್ಲಿಷ್ ಕ್ರಿಯಾಪದದ ಹಿಂದೆ ಏನೇನು ಬರಬಹುದು ಎಂದು ಹಾರ್ನ್‌ಬಿ ವಿಂಗಡಿಸಿ, 1954ರಲ್ಲಿ ಅದಕ್ಕೆಂದೇ ಒಂದು ಪುಸ್ತಕ ತಂದ. ಕ್ರಿಯಾಪದಗಳಿಗೆ ಇಪ್ಪತ್ತೈದು ಮಾದರಿಗಳು. 'ವಾಂಟ್' ಆದಮೇಲೆ 'ಟು' ಬರುತ್ತದೆ, 'ಎಂಜಾಯ್' ಆದಮೇಲೆ 'ಇಂಗ್' ಬರುತ್ತದೆ, 'ಸಜೆಸ್ಟ್ ಮಿ' ಅನ್ನುವಂತಿಲ್ಲ – ಇಂಥ ತೊಡಕುಗಳಿಗೆಲ್ಲ ಅಲ್ಲಿ ಉತ್ತರವಿತ್ತು. ಸ್ವಾತಂತ್ರ್ಯದ ನಂತರ ನಮ್ಮ ದೇಶದ ಶಾಲೆಗಳಿಗೂ ಈ ಪದ್ಧತಿ ಬಂತು. ಹೈದರಾಬಾದಿನಲ್ಲಿ 1958ರಲ್ಲಿ ಇಂಗ್ಲಿಷ್ ಸಂಸ್ಥೆ, ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿದವು. ಹೈದರಾಬಾದಿನ ಸಂಸ್ಥೆಯನ್ನು ಮೊದಲ ವರ್ಷಗಳಲ್ಲಿ ನಡೆಸಿದವರು ನಮ್ಮ ಸವಣೂರಿನ ವಿನಾಯಕ ಕೃಷ್ಣ ಗೋಕಾಕರು. ಮುಂದೆ ಕನ್ನಡಕ್ಕೆ ಶಾಲೆಯಲ್ಲಿ ಅಗ್ರಸ್ಥಾನ ಬೇಕೆಂದು ವರದಿ ಕೊಟ್ಟ ಅದೇ ಗೋಕಾಕರು. ಇಂಗ್ಲಿಷ್ ಬಲ್ಲವರು ಕನ್ನಡದ ವಿರೋಧಿಗಳು ಅನ್ನುವವರು ಇದನ್ನೊಂದಿಷ್ಟು ನೆನಪಿಡಬೇಕು.

ಪದ್ಧತಿ ಒಳ್ಳೆಯದೇ ಇತ್ತು. ಹಳ್ಳಿಗೆ ಬರುವ ಹೊತ್ತಿಗೆ ಅದರ ಕೋಷ್ಟಕ ಉಳಿಯಿತು, ಸಂದರ್ಭ ಉದುರಿಹೋಯಿತು. ಇದನ್ನು ಗಮನಿಸಿದ ಇಂಗ್ಲಿಷ್ ಬೋಧನೆಯ ವಿದ್ವಾಂಸ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾಬೋಧನೆಯ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರು. ಅಲ್ಲಿ ಮಾದರಿಗಳ ಪಟ್ಟಿ ಇರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಇಟ್ಟು, 'ಇಷ್ಟು ಗಂಟೆಗೆ ಅಲ್ಲಿರಬೇಕಾದರೆ ಯಾವ ಗಾಡಿ ಹಿಡಿಯಬೇಕು' ಎಂಬಂಥ ಲೆಕ್ಕ ಬಿಡಿಸಲು ಇಂಗ್ಲಿಷಿನಲ್ಲೇ ಹೇಳುತ್ತಿದ್ದರು. ಮನಸ್ಸು ಲೆಕ್ಕದ ಮೇಲಿರುತ್ತದೆ, ಭಾಷೆ ಅದರ ಬೆನ್ನಿಗೆ ತಾನೇ ಬರುತ್ತದೆ ಎಂಬುದು ಅವರ ನಂಬಿಕೆ. ನಾನು ಪೂರ್ತಿ ಆ ಪಕ್ಷದವನಲ್ಲ. ಮಾದರಿಯನ್ನು ಒಮ್ಮೆ ಬಿಡಿಸಿ ತೋರಿಸಿದರೆ ದೊಡ್ಡ ಮಕ್ಕಳಿಗೆ ಅನುಕೂಲವೇ ಆಗುತ್ತದೆ. ಆದರೆ ಗಾಡಿ ಹಿಡಿಯುವ ಲೆಕ್ಕ ಮೊದಲು, ವ್ಯಾಕರಣ ಆಮೇಲೆ ಎಂಬುದರಲ್ಲಿ ಪ್ರಭು ಅವರೇ ಸರಿ. ನಮ್ಮ ರಾಜ್ಯದಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಮೊದಲು ಐದನೆಯದರಿಂದ ಇತ್ತು. ವರ್ಷ ಹೆಚ್ಚಾದವು, ಪೆನ್ನು ಎತ್ತಿ ಹಿಡಿಯುವುದು ನಿಲ್ಲಲಿಲ್ಲ.

ಇನ್ನು ಇಳಕಲ್ಲಿಗೆ ಹೋಗೋಣ. ಸೀರೆ ಅಂಗಡಿಯ ಗಾದಿಯ ಮೇಲೆ ಕೂತವರು ಬಂದವರನ್ನು ಮಾತಾಡಿಸುವ ರೀತಿ ನಿಮಗೆಲ್ಲ ಗೊತ್ತು: 'ಬರ್ರಿ ಅಕ್ಕಾರ, ಕುಂದರ್ರಿ. ಚಾ ತಗೋರಿ. ಯಾವ ದಡಿ ತೋರಸ್ಲಿ ಹೇಳ್ರಿ.' ಎಲ್ಲವೂ ಆಜ್ಞೆಯ ವಾಕ್ಯಗಳೇ: ಬಾ, ಕೂರು, ತಗೋ, ಹೇಳು. ಆದರೆ ಆ 'ರಿ' ಬಂದಕೂಡಲೇ ಆಜ್ಞೆ ಹೋಗಿ ಆದರ ಆಯಿತು. ಇಂಗ್ಲಿಷ್ ಕ್ರಿಯಾಪದಕ್ಕೆ 'ರಿ' ಹಚ್ಚಲು ಬರುವುದಿಲ್ಲ. 'ಕಮ್, ಸಿಟ್, ಟೇಕ್ ಟೀ, ಟೆಲ್' ಎಂದು ಬೆಂಗಳೂರು ಇಲ್ಲವೇ ಹೊರದೇಶದಿಂದ ಬಂದವರಿಗೆ ಹೇಳಿದರೆ ನಮ್ಮ ಮನಸ್ಸಿನಲ್ಲಿರುವ 'ರಿ' ಅವರ ಕಿವಿಗೆ ಮುಟ್ಟುವುದೇ ಇಲ್ಲ. ಒರಟು ಮಂದಿ ಅಂದುಕೊಳ್ಳುತ್ತಾರೆ. 'ಪ್ಲೀಸ್' ಸೇರಿಸಿದರೂ ಅದು ಪ್ಲೀಸ್ ಹಾಕಿದ ಆಜ್ಞೆಯೇ. ಇಂಗ್ಲಿಷಿನವರು ಆದರಕ್ಕೆ ಪ್ರಶ್ನೆಯ ಮಾದರಿ ಹಿಡಿಯುತ್ತಾರೆ. 'ವುಡ್ ಯು ಲೈಕ್ ಸಮ್ ಟೀ?' 'ಕುಡ್ ಯು ಶೋ ಮಿ ದಿ ರೆಡ್ ಒನ್?' ಪ್ರಶ್ನೆಯಾದರೆ ಎದುರಿನವರಿಗೆ ಒಲ್ಲೆ ಅನ್ನಲು ಜಾಗ ಉಳಿಯುತ್ತದೆ.

ಇಲ್ಲಿ ನಮ್ಮ ಮಕ್ಕಳು ಕೇಳುವ ಒಳ್ಳೆಯ ಪ್ರಶ್ನೆಯೊಂದಿದೆ: 'ಸರ, ಕುಡ್ ಅಂದ್ರ ಕ್ಯಾನ್‌ದ ಭೂತಕಾಲ. ಈಗ ಚಾ ಕೇಳಾಕ ಭೂತಕಾಲ ಯಾಕ್ರಿ?' ಉತ್ತರ ಅವರ ಮನೆಯಲ್ಲೇ ಇದೆ. ಪಕ್ಕದ ಮನೆಗೆ ಸಾಲ ಕೇಳಲು ಹೋದವರು ಏನನ್ನುತ್ತಾರೆ? 'ಐನೂರು ರೂಪಾಯಿ ಬೇಕಾಗಿತ್ರಿ.' ಬೇಕಾಗಿರುವುದು ಈಗ. 'ಬೇಕಾಗಿತ್ತು' ಎಂದು ಹಿಂದಕ್ಕೆ ಸರಿಸಿದ್ದು ಸಂಕೋಚ. 'ನಿಮ್ಮನ್ನ ಒಂದ ಮಾತ ಕೇಳಬೇಕಾಗಿತ್ರಿ' ಅನ್ನುವುದೂ 'ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್' ಅನ್ನುವುದೂ ಒಂದೇ ನಡೆ. ಎರಡು ಭಾಷೆಗಳಿಗೂ ನೆಂಟಸ್ತಿಕೆಯಿಲ್ಲ; ಮನುಷ್ಯರ ಸಂಕೋಚ ಮಾತ್ರ ಎರಡೂ ಕಡೆ ಕಾಲವನ್ನು ಹಿಂದೆ ಸರಿಸಿತು. ಇದನ್ನು ಹೇಳಿಕೊಟ್ಟರೆ 'ಕುಡ್', 'ವುಡ್' ಮತ್ತೆಂದೂ ಮರೆಯುವುದಿಲ್ಲ.

ಮೇಣಬಸದಿಯ ಮಂಗಗಳ ವಿಷಯದಲ್ಲಿ ಮಾತ್ರ ಪ್ರಶ್ನೆ, ಸಂಕೋಚ ಬೇಡ. 'ಡೋಂಟ್ ಓಪನ್ ಯುವರ್ ಬ್ಯಾಗ್!' ಅಂತಲೇ ಕೂಗಬೇಕು. 'ವುಡ್ ಯು ಮೈಂಡ್' ಎಂದು ಶುರುಮಾಡಿದರೆ ಅದು ಮುಗಿಯುವುದರೊಳಗೆ ಬಾಳೆಹಣ್ಣು ಹೋಗಿರುತ್ತದೆ. ಅಪಾಯ ಇದ್ದಾಗ ಬರಿಯ ಆಜ್ಞೆ ಯಾವ ಭಾಷೆಯಲ್ಲೂ ಒರಟಲ್ಲ.

ಇಳಕಲ್ಲಿನಲ್ಲಿ ಇನ್ನೊಂದು ಮಾದರಿಗೂ ಒಳ್ಳೆಯ ಪಾಠ ಸಿಗುತ್ತದೆ. ಇಳಕಲ್ ಸೀರೆಯ ವಿಶೇಷ ಅದರ ಸೆರಗಿನಲ್ಲಿದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿ ನೇಯುತ್ತಾರೆ. ಮೈ ಹತ್ತಿಯದಿದ್ದರೂ ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಬಿಳಿಯ ತೆನೆ ಏಳುವುದು ಹೀಗೆ. ಇದನ್ನು ಬಂದವರಿಗೆ ಹೇಳಲು ಮೂರು ವಾಕ್ಯ ಸಾಕು. 'ದಿ ಬಾಡಿ ಈಸ್ ಮೇಡ್ ಆಫ್ ಕಾಟನ್.' 'ದಿ ಪಲ್ಲು ಈಸ್ ಮೇಡ್ ಆಫ್ ಸಿಲ್ಕ್.' 'ದಿ ಟೂ ಆರ್ ಜಾಯಿನ್ಡ್ ವಿತ್ ಲೂಪ್ಸ್.' ನೇಯುವವರು ಯಾರು ಎಂಬುದು ಇಲ್ಲಿ ಬೇಡ, ಹೇಗೆ ಆಗುತ್ತದೆ ಎಂಬುದು ಬೇಕು. ಮಂಗಳೇಶನ ಗುಹೆಗೆ 'ವಾಸ್' ಬಂದಲ್ಲಿ ಇಲ್ಲಿ 'ಈಸ್' ಬಂತು; ಆ ಕೆಲಸ ಒಮ್ಮೆ ಮುಗಿದದ್ದು, ಈ ಕೆಲಸ ಮಗ್ಗದ ಮೇಲೆ ದಿನವೂ ನಡೆಯುವಂಥದ್ದು. ಬಾಗಲಕೋಟೆ ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಇರುವುದು ಇಳಕಲ್ಲಿನಲ್ಲೇ. ತರಬೇತಿಗೆ ಬಂದವರನ್ನು ಒಂದು ದಿನ ಮಗ್ಗದ ಮನೆಗೆ ಕರೆದೊಯ್ದು ಅಲ್ಲಿ ಕಂಡದ್ದನ್ನೇ ಇಂಗ್ಲಿಷಿನಲ್ಲಿ ಪಾಠ ಮಾಡಿಸಿದರೆ ಖರ್ಚೇನೂ ಬೀಳದು.

ಹುನಗುಂದದ ಕಚೇರಿಗಳಲ್ಲಿ, ಅಷ್ಟೇಕೆ, ಎಲ್ಲ ತಾಲೂಕು ಕಚೇರಿಗಳಲ್ಲೂ ಬೇರೆಯದೇ ಇಂಗ್ಲಿಷ್ ಓಡಾಡುತ್ತದೆ: 'ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್', 'ಐ ಬೆಗ್ ಟು ಸ್ಟೇಟ್ ದ್ಯಾಟ್', 'ಕೈಂಡ್ಲಿ ಡು ದಿ ನೀಡ್‌ಫುಲ್'. ಕಂಪನಿ ಸರಕಾರದ ಕಾಲದ ಉಡುಪು ಅದು. ಕನ್ನಡದ ಅರ್ಜಿಗಳಲ್ಲಿ ನಾವು ಬರೆಯುವ 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಕೂಡ ಅದೇ ಅಂಗಡಿಯದು. 'ಐ ಆ್ಯಮ್ ರೈಟಿಂಗ್ ಅಬೌಟ್ ಮೈ ಪೆನ್ಶನ್' ಎಂದು ನೇರ ಬರೆದರೆ ಯಾವ ಸಾಹೇಬರೂ ಸಿಟ್ಟಾಗುವುದಿಲ್ಲ.

ಇನ್ನು ಬಾಗಲಕೋಟೆ. ಊರಿನ ಅರ್ಧ ಕಥೆ ಇಂಗ್ಲಿಷಿನ 'ಹ್ಯಾವ್' ಮಾದರಿಯಲ್ಲೇ ಇದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೆಯ ಊರಿನ ಭಾಗಗಳನ್ನು ನುಂಗಿತು, ಮಂದಿ ನವನಗರಕ್ಕೆ ಬಂದರು. ಅಲ್ಲಿನ ಹಿರಿಯರು 'ನಾವು ಇಪ್ಪತ್ತ ವರ್ಷದಿಂದ ಇಲ್ಲೇ ಅದೀವಿ' ಅನ್ನುತ್ತಾರೆ. ಕನ್ನಡದಲ್ಲಿ ಅದು ವರ್ತಮಾನ. ಅದನ್ನೇ ನೆಚ್ಚಿ ಮೊಮ್ಮಕ್ಕಳು 'ವಿ ಆರ್ ಹಿಯರ್ ಸಿನ್ಸ್ ಟ್ವೆಂಟಿ ಇಯರ್ಸ್' ಅನ್ನುತ್ತಾರೆ. ಇಂಗ್ಲಿಷ್ ಕೇಳುವುದು 'ವಿ ಹ್ಯಾವ್ ಬೀನ್ ಹಿಯರ್ ಫಾರ್ ಟ್ವೆಂಟಿ ಇಯರ್ಸ್'. ಹಿಂದೆ ಶುರುವಾಗಿ ಈಗಲೂ ಮುಂದುವರಿದದ್ದಕ್ಕೆ 'ಹ್ಯಾವ್' ಬೇಕೇ ಬೇಕು. ಎಷ್ಟು ವರ್ಷ ಎಂದು ಎಣಿಸಿದರೆ 'ಫಾರ್', ಯಾವ ಇಸವಿಯಿಂದ ಎಂದು ಗುರುತು ಹೇಳಿದರೆ 'ಸಿನ್ಸ್': ಈ ಜಿಲ್ಲೆ ಬಿಜಾಪುರದಿಂದ ಬೇರೆಯಾದದ್ದು 1997ರಲ್ಲಿ, ಆದ್ದರಿಂದ 'ಬಾಗಲಕೋಟ್ ಹ್ಯಾಸ್ ಬೀನ್ ಅ ಡಿಸ್ಟ್ರಿಕ್ಟ್ ಸಿನ್ಸ್ ನೈಂಟೀನ್ ನೈಂಟಿ ಸೆವೆನ್.'

ಪುಸ್ತಕದ ಕನ್ನಡಕ್ಕಿಂತ ನಮ್ಮ ಮನೆಮಾತು ಇಲ್ಲಿ ಹೆಚ್ಚು ಸಹಾಯಕ್ಕೆ ಬರುತ್ತದೆ. 'ಅಣ್ಣ ಬಂದ' ಅಂದರೆ ಬಂದ, ಆಮೇಲೆ ಹೋಗಿದ್ದರೂ ಹೋಗಿರಬಹುದು. 'ಅಣ್ಣ ಬಂದಾನ' ಅಂದರೆ ಬಂದು ಇಲ್ಲೇ ಇದ್ದಾನೆ, ಚಾ ಇಡಬೇಕು. 'ಮನಿ ಮುಳುಗಿತು' ಅಂದರೆ ನಡೆದುಹೋದ ಘಟನೆ. 'ಮನಿ ಮುಳುಗೇತಿ' ಅಂದರೆ ಈಗಲೂ ನೀರಡಿಗೇ ಇದೆ. 'ಮೈ ಬ್ರದರ್ ಹ್ಯಾಸ್ ಕಮ್', 'ದಿ ಹೌಸ್ ಹ್ಯಾಸ್ ಗಾನ್ ಅಂಡರ್ ವಾಟರ್.' ಬಂದಾನ, ಹೋಗ್ಯಾನ, ಮುಳುಗೇತಿ – ಈ ರೂಪಗಳನ್ನು ಹಳ್ಳಿಮಾತು ಎಂದು ತಿದ್ದುವ ಮಾಸ್ತರರು, ಇಂಗ್ಲಿಷ್ ಕಲಿಸಲು ಕೈಗೆ ಸಿಕ್ಕ ಎಲ್ಲಕ್ಕಿ‌ಂತ ಒಳ್ಳೆಯ ಸಾಧನವನ್ನು ಬಿಸಾಡಿದಂತೆ. ಒಂದು ಕಡೆ ಮಾತ್ರ ಎಚ್ಚರ ಇರಲಿ. ನಾವು 'ನಿನ್ನೆ ಬಂದಾನ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಬಂತೆಂದರೆ 'ಹ್ಯಾಸ್' ಬರುವಂತಿಲ್ಲ. 'ಹಿ ಕೇಮ್ ಯೆಸ್ಟರ್‌ಡೇ.' ದಿನ ಹೇಳಿದ ಮೇಲೆ ಬಾಗಿಲು ಮುಚ್ಚಿತು.

ಇನ್ನು 'ಯೂಸ್ಡ್ ಟು'. 'ದೇರ್ ಯೂಸ್ಡ್ ಟು ಬಿ ಅ ಮಾರ್ಕೆಟ್ ಹಿಯರ್.' ಮೊದಲು ಇಲ್ಲಿ ಸಂತೆಪೇಟೆ ಇತ್ತು, ಈಗ ಇಲ್ಲ. 'ಈಗ ಇಲ್ಲ' ಎಂಬುದನ್ನು ಬಾಯಿಬಿಟ್ಟು ಹೇಳದೆಯೇ ಹೇಳಿಬಿಡುವ ಮಾದರಿ. ಮುಳುಗಡೆಯ ಊರಿನವರಿಗೆ ಇದರ ಸಂದರ್ಭ ವಿವರಿಸುವ ಕಷ್ಟ ಯಾವ ಮಾಸ್ತರರಿಗೂ ಇಲ್ಲ.

ತಪ್ಪುಗಳ ಬಗ್ಗೆಯೂ ಒಂದು ಮಾತು. 'ಮೈಸೆಲ್ಫ್ ಮಂಜುನಾಥ', 'ಐ ಕೇಮ್ ಯೆಸ್ಟರ್‌ಡೇ ಓನ್ಲಿ', 'ಯು ಆರ್ ಫ್ರಮ್ ಹುನಗುಂದ, ಈಸ್‌ಂಟ್ ಇಟ್?' ಇವನ್ನು ಕೇಳಿ ನಗುವವರಿದ್ದಾರೆ. 'ನಿನ್ನೇನೇ ಬಂದೆ' ಎಂಬುದರ ಒತ್ತು 'ಓನ್ಲಿ' ಆಗಿದೆ, 'ಹೌದಲ್ರಿ?' ಎಂಬುದು 'ಈಸ್‌ಂಟ್ ಇಟ್' ಆಗಿದೆ. ಇವುಗಳಿಂದ ಅರ್ಥ ಕೆಡುವುದಿಲ್ಲ, ದೇಶದ ಎಷ್ಟೋ ಕಡೆ ಹೀಗೇ ಆಡುತ್ತಾರೆ, ನಾನಾದರೆ ಬಿಟ್ಟುಬಿಡುತ್ತೇನೆ. 'ಮೈಸೆಲ್ಫ್' ಒಂದನ್ನು ತಿದ್ದಿಕೊಳ್ಳಿ. ಕೆಲಸದ ಸಂದರ್ಶನದಲ್ಲಿ ಮೊದಲ ಮಾತೇ ಅದಾಗಿರುತ್ತದೆ. 'ಐ ಆ್ಯಮ್ ಮಂಜುನಾಥ', ಸಾಕು. ದವಾಖಾನೆಯಲ್ಲಿ 'ಐ ಆ್ಯಮ್ ಹ್ಯಾವಿಂಗ್ ಫೀವರ್' ಅಂದರೂ ಡಾಕ್ಟರಿಗೆ ತಿಳಿಯುತ್ತದೆ. ಕನ್ನಡದಲ್ಲಿ ಜ್ವರ ತಾನಾಗಿ ನಮಗೆ ಬರುತ್ತದೆ, ಹಸಿವು ನಮಗೆ ಆಗುತ್ತದೆ, ಸೀರೆ ನಮಗೆ ಸೇರುತ್ತದೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ 'ಐ' ಮುಂದೆ ನಿಲ್ಲಬೇಕು: 'ಐ ಹ್ಯಾವ್ ಅ ಫೀವರ್', 'ಐ ಆ್ಯಮ್ ಹಂಗ್ರಿ', 'ಐ ಲೈಕ್ ದಿಸ್ ಸಾರಿ.' ಮನಸ್ಸಿನ ರೂಢಿಯನ್ನೇ ತಿರುಗಿಸಬೇಕಾದ್ದರಿಂದ ಇದು ನಿಧಾನವಾಗಿ ಬರುತ್ತದೆ. ಬರಲಿ.

ಕಡೆಯದಾಗಿ 'ಇಫ್'. ಬಾದಾಮಿಯ ಗೈಡಿನ 'ಇಫ್' ಆಟದ್ದು. ಕೈ ಮುಚ್ಚಿದರೆ ಬೇರೆ ಭಂಗಿ. ಕೃಷ್ಣೆ, ಘಟಪ್ರಭೆಗಳ ದಂಡೆಯವರ 'ಇಫ್' ಆಟದ್ದಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.6 ಮೀಟರ್. ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಹೇಳಿತು. ಏರಿಸಿದರೆ ಇನ್ನಷ್ಟು ಹೊಲ, ಹಳ್ಳಿ ಮುಳುಗುತ್ತವೆ. ಕನ್ನಡದಲ್ಲಿ 'ಏರಿಸಿದ್ರ' ಎಂಬ ಒಂದೇ ರೂಪ ಸಾಕು. ಇಂಗ್ಲಿಷ್ ನಿಮ್ಮನ್ನು ಎರಡರಲ್ಲಿ ಒಂದು ಆರಿಸಲು ಹೇಳುತ್ತದೆ. 'ಇಫ್ ದಿ ಡ್ಯಾಮ್ ಈಸ್ ರೇಸ್ಡ್, ಅವರ್ ಲ್ಯಾಂಡ್ ವಿಲ್ ಗೋ ಅಂಡರ್ ವಾಟರ್' – ಇದು ಆಗುವ ಮಾತು, ಹೇಳುವವರು ಅದನ್ನು ನಂಬಿದ್ದಾರೆ. 'ಇಫ್ ದಿ ಡ್ಯಾಮ್ ವರ್ ರೇಸ್ಡ್, ಸಮ್ ಲ್ಯಾಂಡ್ ವುಡ್ ಗೋ ಅಂಡರ್ ವಾಟರ್' – ಇದು ಊಹೆಯ ಮಾತು, ದೂರ ಕೂತು ಕಾಗದದ ಮೇಲೆ ಲೆಕ್ಕ ಹಾಕುವವರದು. ವ್ಯಾಕರಣದ ಪುಸ್ತಕಕ್ಕೆ ಎರಡೂ ಸರಿ. ಎರಡರ ನಡುವೆ ಎಷ್ಟು ಅಂತರ ಎಂಬುದು ವಾಕ್ಯ ಆಡುವವರ ಹೊಲ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ದಂಡೆಯ ಊರಿನ ಹುಡುಗ ಹುಡುಗಿಯರು ಅಪ್ಪನ ಪರಿಹಾರದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ಕೂತರೆ, ಎಷ್ಟೇ ವಿನಯದ ಅರ್ಜಿಯಾದರೂ ಆ ಜಾಗದಲ್ಲಿ 'ವುಡ್' ಹಾಕಬೇಡಿ. 'ವಿಲ್' ಎಂದೇ ಬರೆಯಿರಿ.